ನಾಲ್ಕು ದಿನ ಇದ್ದು ಹೋಗುವವರು

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಅವನಿಗೆ ನೆನಪಾಯಿತು, ಇವತ್ತು ರೆಕಾರ್ಡಿಂಗಿಗೆ ಗಕಾರ. ಕಕಾರ ನಿನ್ನೆ ಸಂಜೆಗೇ ಮುಗಿದಿತ್ತು. ಖಕಾರದಲ್ಲಿ ಇಂಗ್ಲಿಷಿನವರಿಗೆ ಏನೂ ಇಲ್ಲ, ಸೀದಾ ಗಕಾರ. ಗನ್, ಗಮ್, ಗಾರ್ಡ್, ಗಿಫ್ಟ್, ಆಮೇಲೆ ಅದು. ಅದರ ಮೂರನೆಯ ವಾಕ್ಯ. ಬ್ರಶ್ಶು ಹಲ್ಲಿನ ಮೇಲೇ ನಿಂತುಬಿಟ್ಟಿತು. ನೊರೆ ಗಲ್ಲದಿಂದ ಇಳಿದು ಬನಿಯನ್ನಿನ ಮೇಲೆ ಬಿತ್ತು. ಇಷ್ಟು ದಿನ ಇದು ಹೊಳೆಯಲೇ ಇಲ್ಲವಲ್ಲ ಎಂದು ತನ್ನ ತಲೆಗೆ ತಾನೇ ನಾಲ್ಕು ಬಿಗಿಯಬೇಕೆನಿಸಿತು. ಸಿಂಕಿನ ಮೇಲಿನ ಗಾಜಿನ ಲೋಟದಲ್ಲಿ ಹೆಂಡತಿಯ ಬ್ರಶ್ಶು ಒಂದೇ ಒರಗಿಕೊಂಡಿತ್ತು. ಈಚೆಗೆ ಬಚ್ಚಲುಮನೆ ಚೊಕ್ಕಟವಾಗಿದೆ, ಸೋಪಿನ ಡಬ್ಬಿ ಶಾಂಪೂ ಡಬ್ಬಿ ಎಂದು ಎಲ್ಲೆಂದರಲ್ಲಿ ಇರುವುದಿಲ್ಲ ಎಂದು ಒಂದು ತಿಂಗಳಿಂದ ಅವನು ಒಳಗೊಳಗೇ ಖುಷಿಪಟ್ಟಿದ್ದ. ಈಗ ಅದನ್ನೆಲ್ಲ ನೋಡುವ ವ್ಯವಧಾನ ಇರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದು, ಟವೆಲ್ ಎಲ್ಲಿ ಹಾಳಾಗಿಹೋಯಿತು ಎಂದು ಹೆಂಡತಿಯ ಮೇಲೆ ಹರಿಹಾಯ್ದ. ಟವೆಲ್ ಅವನ ಹೆಗಲ ಮೇಲೇ ಇತ್ತು.

ಅಕ್ಕ ಆಗಲೇ ಹೊರಡಲು ಸಿದ್ಧಳಾಗಿ ಹಾಲಿನಲ್ಲಿ ಕುರ್ಚಿಯ ತುದಿಯ ಮೇಲೆ ಕೂತು ಬಿಸಿನೀರು ಗುಟುಕರಿಸುತ್ತಿದ್ದಳು. ಗಂಟಲು ಹದವಾಗಿರಲಿ ಎಂದು ಈ ವಾರದಿಂದ ಹಿಡಿದ ವ್ರತ ಅದು. "ಇವತ್ತು ಏನೇನಿದೆಯೋ?" ಎಂದು ಕೇಳಿದಳು. "ಏನಿರತ್ತೆ, ಅದೇ. ಗನ್ನು, ಗಮ್ಮು, ಗಿಫ್ಟು, ಗೇಟು, ಗ್ಯಾಸು, ಗ್ಲಾಸು," ಎಂದ. ಗಿಫ್ಟಿನಿಂದ ಗೇಟಿಗೆ ಹಾರುವಾಗ ನಾಲಗೆ ಒಂದಿಷ್ಟು ತಡವರಿಸಿತು. ಅಕ್ಕ ಲೋಟ ತೊಳೆದು, ಒರೆಸಿ, ಅದು ಇದ್ದ ಜಾಗದಲ್ಲೇ ಬೋರಲು ಹಾಕಿ ಬಂದಳು. ಹೆಂಡತಿ ಅಡುಗೆಮನೆಯಿಂದ, "ಅತ್ತಿಗೆ, ಅದನ್ನೆಲ್ಲ ನೀವ್ಯಾಕೆ ತೊಳೀತೀರಿ, ಬಿಡಿ," ಎಂದಳು. "ಇರ್ಲಿ ಬಿಡಮ್ಮ, ಒಂದು ಲೋಟ," ಎಂದಳು ಅಕ್ಕ. ಆ ಮಾತಿನಲ್ಲಿ ಏನೂ ಇರಲಿಲ್ಲ. ಆದರೂ ಇವನು ಬೋರಲು ಬಿದ್ದ ಆ ಲೋಟದಿಂದ ಕಣ್ಣು ತೆಗೆದು ಚಪ್ಪಲಿ ಹುಡುಕಿದ.

ಅವನ ಕೆಲಸವೇ ಅಂಥದ್ದು. ಜನ ತಮ್ಮ ಮಾತಿನ ನಡುವೆ ದಿನಾ ಬಳಸುವ ಇಂಗ್ಲಿಷ್ ಹೆಸರುಪದಗಳಿಗೆಲ್ಲ ಅರ್ಥ ಬರೆದು, ಒಂದೊಂದಕ್ಕೂ ಮೂರು ಮೂರು ಬಳಕೆಯ ವಾಕ್ಯ ಕೊಟ್ಟು, ಅದನ್ನು ದನಿಯಲ್ಲಿ ಹಿಡಿದಿಡುವ ಮಾತಾಡುವ ನಿಘಂಟು. ಅದರ ಸಂಪಾದಕರನ್ನು ಆಫೀಸಿನಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ದೊಡ್ಡವರದು ಒಂದೇ ಹಟ, ವಾಕ್ಯ ಯಾವುದೂ ಕೂತು ಕಟ್ಟಿದ್ದಾಗಿರಬಾರದು. ಕಿವಿಯಾರೆ ಕೇಳಿದ್ದಾಗಿರಬೇಕು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕ್ಯೂನಲ್ಲಿ, ಜಗಳದಲ್ಲಿ, ಎಲ್ಲೇ ಆಗಲಿ, ಯಾರೋ ಒಬ್ಬರು ನಿಜವಾಗಿ ಆಡಿದ ಮಾತೇ ಆಗಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ದನಿ ಕೊಡುವವರು ಓದುವಾಗ, ಮೊದಲು ಆ ಮಾತು ಕೇಳಿಸಿಕೊಂಡವನು ಗಾಜಿನ ಈಚೆ ಕೂತಿದ್ದು, "ಹೌದು, ಹೀಗೇ ಹೇಳಿದ್ದು," ಎಂದು ಬಾಯಿಬಿಟ್ಟು ಒಪ್ಪಬೇಕು. ಹಾಗೆ ಒಪ್ಪಿದ ಮೇಲೆಯೇ ಆ ವಾಕ್ಯ ನಿಘಂಟಿಗೆ ಸೇರುವುದು. ಹೀಗಾಗಿ ವರ್ಷಾನುಗಟ್ಟಲೆಯಿಂದ ಅವನು ಪರರ ಮಾತಿಗೆ ಕಿವಿಯೊಡ್ಡಿಕೊಂಡೇ ಬದುಕಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿ ಏನೋ ಪ್ರೀತಿಯಿಂದ ಹೇಳುತ್ತಿದ್ದರೂ, ಅದರಲ್ಲಿ ಯಾವುದಾದರೂ ಪದ ಸಿಕ್ಕಿತೇ ಎಂದು ನೋಡುತ್ತಿದ್ದ. ಅವಳು ಅದನ್ನು ಕಂಡುಹಿಡಿದ ದಿನದಿಂದ ಇಂಗ್ಲಿಷ್ ಪದ ಬಳಸುವುದನ್ನೇ ಕಡಿಮೆ ಮಾಡಿದಳು.

ಗಿಫ್ಟಿಗೂ ಗೇಟಿಗೂ ನಡುವಿನ ಆ ಪದಕ್ಕೆ ಎರಡು ವಾಕ್ಯ ಸಲೀಸಾಗಿ ಸಿಕ್ಕಿದ್ದವು. ಮೂರನೆಯದಕ್ಕೆ ದಿನಗಟ್ಟಲೆ ಪರದಾಡಿದ್ದ. ದೊಡ್ಡವರು ದಿನಾ ಬೆಳಿಗ್ಗೆ ಬಾಗಿಲಲ್ಲೇ ಹಿಡಿದು, "ಏನ್ರೀ, ಗೆಸ್ಟು ಬಂದ್ರಾ?" ಎಂದು ಕೇಳುತ್ತಿದ್ದರು. ತಮ್ಮ ತಮಾಷೆಗೆ ತಾವೇ ನಕ್ಕು ಒಳಗೆ ಹೋಗುತ್ತಿದ್ದರು. ಹಾಗಿರುವಾಗ ಒಂದು ಸಂಜೆ, ಮೆಟ್ಟಿಲ ಬುಡದಲ್ಲಿ ನೀರಿನ ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ, ಬೇರೆ ಬೀದಿಯಲ್ಲಿದ್ದು ಆಗಾಗ ಬಂದುಹೋಗುವ ಮನೆ ಓನರು ತಲೆಯೆತ್ತಿ, ನೀರು ಯಾಕೋ ಬೇಗ ಖಾಲಿಯಾಗ್ತಿದೆ, ಮೇಲೆ ಒಬ್ಬರು ಜಾಸ್ತಿ ಇದ್ದಾರಂತಲ್ಲ, ಮನೆ ಕೊಡುವಾಗ ಇಬ್ಬರು ಅಂದಿದ್ರಿ ಎಂದರು. ಸಿಟ್ಟಿನಿಂದಲೂ ಅಲ್ಲ, ಸ್ಪ್ಯಾನರು ಹುಡುಕುತ್ತ ಕೇಳಿದ್ದು. ಇವನು ಹೆದರುವ ಅಗತ್ಯವೇ ಇರಲಿಲ್ಲ. ನಮ್ಮಕ್ಕ ಸರ್, ನಮ್ಮ ಜೊತೆಗೇ ಇರ್ತಾಳೆ ಎಂದಿದ್ದರೆ ಆ ಮನುಷ್ಯ ಹೂಂ ಎಂದು ಮತ್ತೆ ಮೋಟರಿಗೆ ತಲೆ ತೂರಿಸುತ್ತಿದ್ದ. ಆದರೆ ಇವನ ಬಾಯಿಂದ ಬಂದದ್ದು ಬೇರೆ. "ಅವರು ಗೆಸ್ಟ್ ಸರ್, ನಾಲ್ಕು ದಿನ ಇದ್ದು ಹೋಗ್ತಾರೆ." ಅಕ್ಕ ಬಂದು ಆಗಲೇ ಒಂದು ವರ್ಷದ ಮೇಲಾಗಿತ್ತು. ಗಂಡನ ಮನೆಯ ಬಾಗಿಲು ತನ್ನ ಹಿಂದೆ ತಾನೇ ಎಳೆದುಕೊಂಡು ಬಂದವಳಿಗೆ ಇದೊಂದೇ ಮನೆ. ಮಾತು ಮುಗಿದ ಮೇಲೆ ಒಂದು ಸಣ್ಣ ನಗೆಯನ್ನೂ ನಕ್ಕಿದ್ದ, ಮೂಗಿನಿಂದ, ಹ್ಹ ಎಂದು. ಮೆಟ್ಟಿಲು ಹತ್ತುವಾಗ ಮೈಯೆಲ್ಲ ಹಿಡಿಯಾಗಿ, ತನ್ನ ಮೇಲೆ ತನಗೇ ಹೇಸಿಗೆಯಾಗಿ, ಅದರ ಹಿಂದೆಯೇ ನಾಚಿಕೆಗೇಡಿನ ಒಂದು ಯೋಚನೆ ಬಂತು. ಮೂರನೆಯ ವಾಕ್ಯ ಸಿಕ್ಕಿತು. ಕಿವಿಯಾರೆ ಕೇಳಿದ್ದೇ ತಾನೆ. ಯಾರ ಬಾಯಿ ಎಂದು ಯಾರು ಕೇಳುತ್ತಾರೆ. ಆಗ ದನಿ ಕೊಡುತ್ತಿದ್ದವನು ಬೇರೊಬ್ಬ, ಬಾಡಿಗೆಗೆ ಬರುವ ದಪ್ಪ ದನಿಯ ಗಂಡಸು.

ಆ ಗಂಡಸಿನ ಗಂಟಲು ಕೂತದ್ದು, ಅದೇ ವಾರ ದೊಡ್ಡವರು ಮನೆಗೆ ಫೋನ್ ಮಾಡಿದ್ದು, ಅಕ್ಕ ಎತ್ತಿದ್ದು, "ಸ್ನಾನಕ್ಕೆ ಹೋಗಿದ್ದಾನೆ, ಬಂದ ಕೂಡಲೇ ಹೇಳ್ತೀನಿ," ಎಂದು ಅವಳು ಹೇಳಿದ ಅಷ್ಟೇ ಅಷ್ಟು ಮಾತಿಗೆ ದೊಡ್ಡವರು ಮರುಳಾದದ್ದು, ಎಲ್ಲವೂ ಅವನ ಗ್ರಹಚಾರಕ್ಕೇ ಬಂದ ಹಾಗೆ ಒಂದರ ಹಿಂದೆ ಒಂದು ನಡೆಯಿತು. "ಆ ದನಿ ಬೇಕು ಕಣ್ರೀ ನಂಗೆ. ಮನೇಲೇ ಇಟ್ಕೊಂಡು ಊರೆಲ್ಲ ಹುಡುಕಿಸಿದ್ರಲ್ಲ," ಎಂದು ಬೈದರು. ಅಕ್ಕ ಒಪ್ಪಿಕೊಂಡ ರಾತ್ರಿ ಮೂವರೂ ಊಟಕ್ಕೆ ಕೂತಾಗ ಅವಳ ಮುಖ ನೋಡಬೇಕಿತ್ತು. ಎಷ್ಟೋ ಕಾಲದ ಮೇಲೆ ಎರಡನೆಯ ಸಲ ಬಡಿಸಿಕೊಂಡಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಕ್ಕ ಕೂತಳು. ಸಿಗ್ನಲ್ಲುಗಳೆಲ್ಲ ಸಂಚು ಮಾಡಿಕೊಂಡಂತೆ ಹಸಿರಾಗುತ್ತ ಹೋದವು. ಬೇರೆ ದಿನ ಇದೇ ದಾರಿಯಲ್ಲಿ ಪ್ರಾಣ ಹಿಂಡುವ ಟ್ರಾಫಿಕ್ ಇವತ್ತು ಎಲ್ಲಿ ಸತ್ತಿತ್ತೋ. ಅಕ್ಕನ ಕೈಯ ಬೆರಳುಗಳು ಬ್ಯಾಗಿನ ಹಿಡಿಯ ಮೇಲೆ ಒಂದರ ಪಕ್ಕ ಒಂದು ಸುಮ್ಮನೆ ಕೂತಿದ್ದವು. ಅದೇ ಬೆರಳು ಅವನ ಕಾಲೇಜಿನ ದಿನಗಳಲ್ಲಿ, ಅವಳ ಮನೆಯ ಮುಂದಿನ ಕೋಣೆಯಲ್ಲಿ, ಓದುತ್ತ ಓದುತ್ತ ನಿದ್ದೆಹೋದವನ ತಲೆಯ ಕೆಳಗಿನಿಂದ ಪುಸ್ತಕ ಸರಿಸಿ ದಿಂಬು ತೂರಿಸುತ್ತಿತ್ತು. ಅಲ್ಲಿ ಅವನು ಎಷ್ಟು ಕಾಲ ಇದ್ದ. ಪರೀಕ್ಷೆ ಮುಗಿಯುವವರೆಗೆ ಎಂದು ಹೋದವನು ಕೆಲಸ ಸಿಗುವವರೆಗೆ ಇದ್ದ, ಕೆಲಸ ಸಿಕ್ಕ ಮೇಲೂ ಇದ್ದ. ಪಕ್ಕದ ಮನೆಯಾಕೆ ಒಂದು ಸಲ ಕಾಂಪೌಂಡಿನ ಮೇಲಿಂದ ಇಣುಕಿ, "ಗೆಸ್ಟ್ ಬಂದಿದ್ದಾರಾ?" ಎಂದು ಕೇಳಿದಾಗ, ಬಟ್ಟೆ ಒಣಹಾಕುತ್ತಿದ್ದ ಅಕ್ಕ ತಿರುಗಿಯೂ ನೋಡದೆ, "ಇಲ್ವಲ್ಲ, ಯಾರೂ ಇಲ್ಲ, ನಾವೇ ಇರೋದು," ಎಂದಿದ್ದಳು. ಒಳಗೆ ಕೂತು ಅದನ್ನು ಕೇಳಿಸಿಕೊಂಡವನಿಗೆ ಆಗ ಏನೂ ಅನ್ನಿಸಿರಲಿಲ್ಲ, ಅದೇ ಈಗ ಸಂಕಟ. ಹೇಳಿಬಿಡಲೇ ಎಂದುಕೊಂಡ. ಅಕ್ಕಾ, ಒಂದು ವಾಕ್ಯ ಇದೆ, ಅದನ್ನ ಓದಬೇಡ. ಯಾಕೋ ಎಂದರೆ? ಅಷ್ಟರಲ್ಲಿ ಅವಳೇ, "ಸ್ಟುಡಿಯೋ ಹಿಂದಿನ ಬೀದೀಲಿ ಒಂದು ರೂಮು ಖಾಲಿ ಇದೆಯಂತೆ ಕಣೋ. ಹೆಂಗಸರಿಗೇ ಕೊಡ್ತಾರಂತೆ," ಎಂದಳು, ಕಿಟಕಿಯ ಹೊರಗೇ ನೋಡುತ್ತ. "ಯಾರಿಗೆ?" "ಯಾರಿಗೋ. ಸುಮ್ನೆ ಹೇಳಿದೆ." ಅವನ ಎದೆಯಲ್ಲಿ ಮೊದಲು ಎದ್ದದ್ದು ನಿರಾಳ. ಓನರಿಗೆ ಇನ್ನು ಸುಳ್ಳು ಹೇಳಬೇಕಾಗಿಲ್ಲ ಎನ್ನುವ ನಿರಾಳ. ಅದು ತನ್ನದೇ ಎದೆ ಎಂದು ಗೊತ್ತಾದಾಗ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

ಆಫೀಸು ತಲುಪಿ ಅಕ್ಕನನ್ನು ಸ್ಟುಡಿಯೋದ ಬಾಗಿಲಿಗೆ ಬಿಟ್ಟು, ಸೀದಾ ದೊಡ್ಡವರ ಕೋಣೆಗೆ ನುಗ್ಗಿದ. ಬೆಳಿಗ್ಗೆಯಿಂದ ಕಟ್ಟಿಕೊಂಡು ಬಂದಿದ್ದ ಒಂದು ವಾಕ್ಯವನ್ನು ಒಪ್ಪಿಸಿದ. "ಸರ್, ಗೆಸ್ಟಿಗೆ ಇನ್ನೊಂದು ಒಳ್ಳೇದು ಸಿಕ್ಕಿದೆ. 'ನಮ್ಮ ಮನೆಗೆ ನಿನ್ನೆ ಗೆಸ್ಟ್ ಬಂದಿದ್ದರು.' ಮೂರನೇದನ್ನ ತೆಗೆದು ಇದನ್ನ ಹಾಕೋಣ." ದೊಡ್ಡವರು ಕನ್ನಡಕ ಹಣೆಗೇರಿಸಿ ಅವನನ್ನು ನೋಡಿದರು. "ಇದು ಯಾರೂ ಹೇಳಿದ್ದಲ್ಲ. ಕೂತು ಹೊಸೆದದ್ದು." "ಇಲ್ಲ ಸರ್, ಬಸ್ಸಲ್ಲಿ ಕೇಳಿದ್ದು." "ಬಸ್ಸಲ್ಲಿ ಯಾರ್ರೀ ಹೀಗೆ ಮಾತಾಡ್ತಾರೆ, ಪರೀಕ್ಷೆ ಬರೀತಿದ್ರಾ ಅವ್ರು?" ಅವನ ಕಿವಿಯೆಲ್ಲ ಕೆಂಪಾಯಿತು. ಹಾಗಾದರೆ ಮೂರನೆಯದನ್ನು ಬಿಟ್ಟೇ ಬಿಡೋಣ, ಎರಡೇ ಸಾಕು ಎಂದ. ದೊಡ್ಡವರು ಕುರ್ಚಿಗೆ ಒರಗಿದರು. ಅವರು ಹಾಗೆ ಒರಗಿದರೆಂದರೆ ಇನ್ನು ಪಾಠ ಗ್ಯಾರಂಟಿ. "ಆ ಪದದ ಪ್ರಾಣವೇ ಅದು ಕಣ್ರೀ. ನೆಂಟ ಅಂದ್ರೆ ನಂಟು ಇರಬೇಕು, ಹೋದ್ರೂ ನೆಂಟನೇ. ಅತಿಥಿ ಅಂದ್ರೆ ಭಾಷಣದಲ್ಲಿ ಬರೋರು. ಈ ಗೆಸ್ಟು ಅನ್ನೋ ಪದಾನ ನಮ್ಮ ಜನ ಯಾತಕ್ಕೆ ಇಟ್ಕೊಂಡಿದ್ದಾರೆ ಹೇಳಿ. ಬರೋದಕ್ಕಲ್ಲ, ಹೋಗೋದಕ್ಕೆ. ಇವ್ರು ಹೋಗ್ತಾರೆ ಅಂತ ಇನ್ನೊಬ್ಬರಿಗೆ ಭರವಸೆ ಕೊಡೋಕೆ. ನೀವು ತಂದ ವಾಕ್ಯದಲ್ಲಿ ಅದು ಇದೆ. ಆ 'ಸರ್' ಇದೆ ನೋಡಿ, ಅದರಲ್ಲಿ ಇಡೀ ಮನುಷ್ಯ ಇದ್ದಾನೆ. ಯಾರೋ ಪುಕ್ಕಲ. ಎಲ್ಲಿ ಹಿಡಿದ್ರಿ ಅವನನ್ನ?" ಅವನು ಇಂಗು ತಿಂದ ಮಂಗನಂತೆ ನಿಂತ. ಇಷ್ಟು ವರ್ಷದಲ್ಲಿ ದೊಡ್ಡವರು ಅವನ ಕೆಲಸವನ್ನು ಹೊಗಳಿದ್ದು ಇದೇ ಮೊದಲು.

ಸ್ಟುಡಿಯೋದ ತಲೆ ನರೆತ ರೆಕಾರ್ಡಿಸ್ಟನಿಗೆ 'ಕಿವಿ' ಎಂದೇ ಅಡ್ಡಹೆಸರು. ಅವನ ಬಳಿ ಹೋಗಿ, ಗೆಸ್ಟಿನ ಮೂರನೇದು ಇವತ್ತು ಬೇಡ, ಹಾರಿಸಿಬಿಡು ಎಂದ. "ದೊಡ್ಡವರು ಹೇಳ್ಲಿ, ಹಾರಿಸ್ತೀನಿ. ಅವ್ರೇ ಬಂದು ಕೂರ್ತಾರಂತೆ ಇವತ್ತು," ಎಂದ ಕಿವಿ, ವೈರು ಸುತ್ತುತ್ತ. ಕೊನೆಗೆ ಅಕ್ಕನ ಹತ್ತಿರವೇ ಹೋದ. "ನಿನ್ನ ಗಂಟಲು ಯಾಕೋ ಕಟ್ಟಿದ ಹಾಗಿದೆ. ಮನೆಗೆ ಹೋಗಿ ರೆಸ್ಟ್ ತಗೋ." ಅಕ್ಕ ನಕ್ಕಳು. "ನನ್ನ ಗಂಟಲಿಗೆ ಏನಾಗಿಲ್ಲ ಮಾರಾಯ. ನಿಂದೇ ಬೆಳಿಗ್ಗೆಯಿಂದ ಸರಿ ಇಲ್ಲ." ಕರೆಂಟಾದರೂ ಹೋಗಬಾರದೇ ಎಂದು ಟ್ಯೂಬ್‌ಲೈಟನ್ನು ದಿಟ್ಟಿಸಿದ. ದರಿದ್ರದ್ದು, ಕಣ್ಣು ಕೂಡ ಮಿಟುಕಿಸಲಿಲ್ಲ.

ಗಾಜಿನ ಆಚೆ ಅಕ್ಕ, ಈಚೆ ಕಿವಿ, ದೊಡ್ಡವರು, ಅವನು. ಅಕ್ಕನ ಮುಂದೆ ಸ್ಟ್ಯಾಂಡಿನಲ್ಲಿ ಹಾಳೆಗಳು. ಗನ್ ಮುಗಿಯಿತು, ಗಮ್ ಮುಗಿಯಿತು. ಒಂದೊಂದು ವಾಕ್ಯಕ್ಕೂ ದೊಡ್ಡವರು ಅವನತ್ತ ತಿರುಗುವುದು, ಅವನು "ಹೌದು, ಹೀಗೇ ಹೇಳಿದ್ದು," ಎನ್ನುವುದು, ಅಕ್ಕ ಮುಂದಿನದಕ್ಕೆ ಹೋಗುವುದು. ಮೈಕಿನಲ್ಲಿ ಅಕ್ಕನ ದನಿ ಮನೆಯ ದನಿಗಿಂತ ದೊಡ್ಡದಾಗಿ, ಹತ್ತಿರವಾಗಿ, ಯಾರಿಗೂ ತಗ್ಗಬೇಕಾಗಿಲ್ಲದವರ ದನಿಯಾಗಿ ಕೇಳುತ್ತಿತ್ತು. ಮನೆಯಲ್ಲಿ ಅವಳು ಹೀಗೆ ಮಾತಾಡುವುದಿಲ್ಲವಲ್ಲ ಎಂದು ಅವನಿಗೆ ಈಗ ಹೊಳೆಯಿತು. ಮನೆಯಲ್ಲಿ ಗೋಡೆಯ ಪಕ್ಕದಲ್ಲೇ ನಡೆಯುವವರ ದನಿ ಅವಳದು. ಹೆಂಡತಿ ಇವತ್ತಲ್ಲ ನಾಳೆ ಏನಾದರೂ ಅಂದೇ ಅನ್ನುತ್ತಾಳೆ ಎಂದು ಒಂದು ವರ್ಷದಿಂದ ಒಳಗೇ ಹಲ್ಲು ಕಡಿಯುತ್ತಿದ್ದ. ಅವಳು ಇವತ್ತಿನವರೆಗೆ ಒಂದು ಮಾತು ಅಂದಿರಲಿಲ್ಲ. ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿ ಕೊಟ್ಟವಳೂ ಅವಳೇ.

"ಗೆಸ್ಟ್," ಎಂದಳು ಅಕ್ಕ. "ಇನ್ನೊಬ್ಬರ ಮನೆಗೆ ಬಂದು, ಸ್ವಲ್ಪ ಕಾಲ ಇದ್ದು, ಹಿಂತಿರುಗುವವರು." ಮೊದಲನೆಯ ವಾಕ್ಯ ಓದಿದಳು. ಹೌದು, ಹೀಗೇ ಹೇಳಿದ್ದು. ಎರಡನೆಯದು. ಹೌದು, ಹೀಗೇ. ಮೂರನೆಯದಕ್ಕೆ ಬಂದಾಗ ಅವಳ ಕಣ್ಣು ಹಾಳೆಯ ಮೇಲೆ ಒಂದು ಗಳಿಗೆ ಜಾಸ್ತಿ ನಿಂತಿತು. ಅಷ್ಟೇ. "ಅವರು ಗೆಸ್ಟ್ ಸರ್, ನಾಲ್ಕು ದಿನ ಇದ್ದು ಹೋಗ್ತಾರೆ." ಸಪಾಟಾಗಿ, ಗಡಿಯಾರದ ಟೈಮು ಹೇಳುವವರಂತೆ ಓದಿದಳು. ದೊಡ್ಡವರು ಹುಬ್ಬು ಗಂಟಿಕ್ಕಿ ಅವನತ್ತ ತಿರುಗಿದರು. "ಹೀಗಾ ಹೇಳಿದ್ದು?" "ಹೌದು ಸರ್, ಹೀಗೇ," ಎಂದ, ಗಬಕ್ಕನೆ. ತಪ್ಪಿಸಿಕೊಂಡೆ ಎಂದುಕೊಂಡ. ಆಗ ಗಾಜಿನ ಆಚೆಯಿಂದ ಅಕ್ಕನ ದನಿ ಬಂತು. "ಇಲ್ಲ ಸರ್, ಸರಿಯಾಗಿ ಬರ್ಲಿಲ್ಲ. ಇನ್ನೊಂದ್ಸಲ ಓದ್ತೀನಿ."

ಓದಿದಳು. 'ಸರ್' ಎನ್ನುವಲ್ಲಿ ದನಿ ಕುಗ್ಗಿತು, ಯಾರದೋ ಮುಂದೆ ಸೊಂಟ ಬಗ್ಗಿದ ಹಾಗೆ. 'ನಾಲ್ಕು ದಿನ' ಎನ್ನುವುದು ಅವಸರದಲ್ಲಿ ಉರುಳಿತು. 'ಹೋಗ್ತಾರೆ' ಆದ ಮೇಲೆ ಅರೆಕ್ಷಣ ಸುಮ್ಮನಿದ್ದು, ಮೂಗಿನಿಂದ ಒಂದು ಸಣ್ಣ ನಗೆ, ಹ್ಹ. ಹಾಳೆಯ ಮೇಲೆ ಆ ನಗೆ ಇರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕಿವಿ ತೊಡೆ ತಟ್ಟಿದ. ದೊಡ್ಡವರು ಕುರ್ಚಿಯಲ್ಲಿ ಅರ್ಧ ಎದ್ದರು. "ಇದು ಕಣ್ರೀ. ಇದು ಮಾತು. ಹೇಳ್ರೀ, ಹೀಗೆ ತಾನೆ?" ಅವನು ಗಾಜಿನತ್ತ ನೋಡಿದ. ಅಕ್ಕ ನೋಡುತ್ತಿದ್ದಳು, ಸಿಟ್ಟಿಲ್ಲ, ಅಳು ಇಲ್ಲ, ಓದಿದ್ದು ಸರಿಯಾಯಿತೇ ಎಂದು ಕಾಯುವವರ ಮುಖ. ಬಚ್ಚಲುಮನೆಯ ಲೋಟ, ಅದರಲ್ಲಿ ಒಂದೇ ಬ್ರಶ್ಶು, ಒಣಗಿದ ಕೂಡಲೇ ಮಾಯವಾಗುವ ಸೋಪಿನ ಡಬ್ಬಿ, ಹಾಲಿನಲ್ಲಿ ಕುರ್ಚಿಯ ತುದಿ, ಬೀರುವಿನ ಅರ್ಧ ಜಾಗ ಮತ್ತೆ ಖಾಲಿಯಾಗಿ ಸೀರೆಗಳೆಲ್ಲ ಮಂಚದ ಕೆಳಗಿನ ಸೂಟ್‌ಕೇಸಿಗೆ ಇಳಿದದ್ದು. ಎಲ್ಲ ಒಂದು ತಿಂಗಳಿಂದ. ಆವತ್ತು ಮೆಟ್ಟಿಲಿನ ತಿರುವಿನಲ್ಲಿ ಅವಳು ಕಸದ ಡಬ್ಬಿ ಹಿಡಿದು ಇಳಿಯುತ್ತ ನಿಂತಿದ್ದಿರಬೇಕು. ಸದ್ದು ಮಾಡದೆ ಮತ್ತೆ ಮೇಲೆ ಹತ್ತಿರಬೇಕು. ಅವನು ಒಳಗೆ ಬಂದಾಗ ಎಂದಿನಂತೆ, "ಬಂದ್ಯಾ? ಕಾಲು ತೊಳ್ಕೋ," ಎಂದಿದ್ದಳು. "ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡ್ರಾ?" ಎಂದರು ದೊಡ್ಡವರು.

"ಹೌದು," ಎಂದ. "ಹೀಗೇ ಹೇಳಿದ್ದು."

ಅಕ್ಕ ಹಾಳೆ ಮಗುಚಿ, "ಗೇಟ್," ಎಂದಳು.

ಸಂಜೆಯ ಬಸ್ಸಿನಲ್ಲಿ ಅವನಿಗೆ ಸಾವಿರ ಮಾತು ಬಂದವು. ಒಂದೂ ಹೊರಗೆ ಬರಲಿಲ್ಲ. ಅಕ್ಕಾ ತಪ್ಪಾಯ್ತು ಎಂದರೆ ಅವಳು ಯಾವುದಕ್ಕೋ ಎನ್ನುತ್ತಾಳೆ, ಆಗ ಅದನ್ನು ಮೂರನೆಯ ಸಲ ಹೇಳಬೇಕಾಗುತ್ತದೆ. ಆ ರೂಮಿನ ವಿಷಯ ಬಿಟ್ಟುಬಿಡು ಎನ್ನಲೇ. ಓನರಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದ. ಅದೇ ಸರಿ. ಅವಳ ಮುಂದೆಯೇ, ಅದೇ ಮೆಟ್ಟಿಲ ಬುಡದಲ್ಲಿ, ಸರ್ ಇವಳು ನಮ್ಮಕ್ಕ, ಇದು ಇವಳ ಮನೆ ಎನ್ನುವುದು. ನೀರಿಗೆ ಏನಾಗುತ್ತದೋ ಆಗಲಿ. ಇಳಿಯುವ ಸ್ಟಾಪು ಬರುವವರೆಗೂ ಆ ಮಾತನ್ನು ಹಿಂದೆಮುಂದೆ ಮಾಡಿ ಮಾಡಿ ಗಟ್ಟಿಮಾಡಿಕೊಂಡ. ಬೀದಿಯ ತಿರುವಿನಲ್ಲಿ ಎಷ್ಟೋ ಹಗುರವೂ ಆಯಿತು. ಸಾಲದ್ದಕ್ಕೆ ಓನರು ಹೇಳಿ ಕರೆಸಿದ ಹಾಗೆ ಮೋಟರಿನ ಮುಂದೆಯೇ ಕೂತಿದ್ದರು, ಅದೇ ಸ್ಪ್ಯಾನರು, ಅದೇ ಲುಂಗಿ. ಇಬ್ಬರನ್ನೂ ನೋಡಿ ಮುಖ ಅರಳಿಸಿಕೊಂಡು, ಕೈಯ ಗ್ರೀಸು ಒರೆಸುತ್ತ, ಅಕ್ಕನನ್ನೇ ಕೇಳಿದರು. "ಏನಮ್ಮ, ಇನ್ನೂ ಇದೀರಾ? ಗೆಸ್ಟು ಅಂದಿದ್ರು ಇವ್ರು."

ಅವನು ಬಾಯಿ ತೆರೆದ. ಮಾತು ನಾಲಗೆಯ ತುದಿಯಲ್ಲೇ ಇತ್ತು. ಬೇಕಾಗಿದ್ದದ್ದು ಒಂದು ಉಸಿರು. ಆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಕ್ಕ, ಸ್ಟುಡಿಯೋದ ಆ ದೊಡ್ಡ ದನಿಯಲ್ಲೇ, ನಗುನಗುತ್ತ ಹೇಳಿದಳು. "ಹೌದು ಸರ್, ಗೆಸ್ಟೇ. ಈ ವಾರ ಹೊರಡ್ತೀನಿ."

ತಮ್ಮನ ಮಾತು ಸುಳ್ಳಾಗಬಾರದು ಎಂದು ಆಡಿದ ಮಾತು. ಅವನಿಗೆ ಅದು ಗೊತ್ತಾಯಿತು. ಇಲ್ಲ ಸರ್ ಎಂದು ನಡುವೆ ನುಗ್ಗಲು ಆಗಲೂ ಸಮಯವಿತ್ತು, ಓನರು ಇನ್ನೂ ಅವನ ಮುಖವನ್ನೇ ನೋಡುತ್ತಿದ್ದರು. ಅವನ ಮೂಗಿನಿಂದ ಹೊರಟದ್ದು ಆ ಸಣ್ಣ ನಗೆ.

ಅಕ್ಕ ಮುಂದೆ, ಅವನು ಹಿಂದೆ, ಮೆಟ್ಟಿಲು ಹತ್ತಿದರು. ಬಾಗಿಲ ಮುಂದೆ ಅಕ್ಕ ಚಪ್ಪಲಿ ಬಿಡದೆ ನಿಂತು, ಬೆಲ್ ಒತ್ತಿದಳು. ಅವಳ ಬ್ಯಾಗಿನಲ್ಲಿ ಬೀಗದ ಕೈ ಇರುವುದು ಅವನಿಗೆ ಗೊತ್ತು. ಬಂದ ವಾರವೇ ಹೆಂಡತಿ ಮಾಡಿಸಿಕೊಟ್ಟದ್ದು. "ಅಕ್ಕಾ, ಕೀ ಇದೆಯಲ್ಲ ನಿನ್ನ ಹತ್ರ," ಎಂದ. "ಇದೆಯಪ್ಪ," ಎಂದು ಬ್ಯಾಗಿನೊಳಗೆ ಕೈಹಾಕಿ, ಹುಡುಕಿ, ತೆಗೆದು, ಅವನ ಅಂಗೈ ಬಿಡಿಸಿ ಅದನ್ನು ಇಟ್ಟು, ಬೆರಳುಗಳನ್ನು ಮಡಿಸಿದಳು. ಚಿಕ್ಕಂದಿನಲ್ಲಿ ಶಾಲೆಗೆ ಹೊರಟವನ ಕೈಯಲ್ಲಿ ಬಸ್ಸಿನ ಚಿಲ್ಲರೆ ಇಟ್ಟು ಹೀಗೇ ಮಡಿಸುತ್ತಿದ್ದಳು, ಬೀಳಿಸ್ಕೋಬೇಡ ಎಂದು. ಒಳಗೆ ಕುಕ್ಕರಿನ ಸದ್ದು ನಿಂತಿತು. ಹೆಜ್ಜೆಗಳು ಅವಸರದಲ್ಲಿ ಬಂದವು, ಚಿಲಕ ಸರಿಯಿತು. ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲು ತೆರೆದು, ಇಬ್ಬರನ್ನೂ ಕಂಡು ಉಸಿರು ಬಿಟ್ಟಳು.

"ನೀವೇನಾ ಅತ್ತಿಗೆ," ಎಂದಳು. "ಬೆಲ್ ಆಯ್ತಲ್ಲ, ಯಾರೋ ಬೇರೆಯವರು ಅಂದ್ಕೊಂಡೆ."